ಕೊಟೇಷನ್‌ನಲ್ಲಿ ತೊಲೆ ಇರಲಿಲ್ಲ

ಬೆಂಗಳೂರಿನ ಕಲ್ಯಾಣನಗರದ ಆ ಮನೆಗೆ ಹೊಸ ಗಾಳಿ ತರುವ ಯಂತ್ರ ಕೂರಿಸಲು ನಾನು ಕೊಟ್ಟ ಅಂದಾಜು 1,85,000 ರೂಪಾಯಿ, ಜಿಎಸ್‌ಟಿ ಬೇರೆ. ಯಂತ್ರಕ್ಕೆ 1,10,000, ಪೈಪು ಮತ್ತು ಜಾಲರಿಗಳಿಗೆ 45,000, ಜೋಡಣೆಗೆ 30,000. ಒಂದೇ ಪುಟ, ಮೂರೇ ಸಾಲು. ಅಷ್ಟು ಚೊಕ್ಕವಾದ ಕೊಟೇಷನ್ ಬರೆದೆನೆಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಕೆಲಸ ಮುಗಿಯುವ ಹೊತ್ತಿಗೆ ಅದರ ಮೇಲೆ ಇನ್ನೂ 1,16,000 ಕೂತಿತ್ತು. ಆ ಹೆಚ್ಚುವರಿಯಲ್ಲಿ ಯಂತ್ರದ್ದು ಒಂದು ಪೈಸೆಯೂ ಇರಲಿಲ್ಲ.

ನಾನು ಪೀಣ್ಯದ ಒಂದು ಸಣ್ಣ ಹವಾನಿಯಂತ್ರಣ ಕಂಪನಿಯಲ್ಲಿ ಅಂದಾಜು ಹಾಕುವವನು. ಹನ್ನೊಂದು ವರ್ಷ ಹಾಕಿದ್ದೆಲ್ಲ ಕಚೇರಿಗಳದು. ಕಚೇರಿಯ ಫಾಲ್ಸ್ ಸೀಲಿಂಗ್ ಮೇಲೆ ಎರಡು ಮೂರು ಅಡಿ ಜಾಗವಿರುತ್ತದೆ, ಮನುಷ್ಯ ಮಲಗಿಕೊಂಡೇ ಕೆಲಸ ಮಾಡಬಹುದು. ಮನೆ ಅಂಥದ್ದಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಎಷ್ಟರಮಟ್ಟಿಗೆ ಅಲ್ಲ ಎಂಬುದು ಗೊತ್ತಿರಲಿಲ್ಲ.

ಮನೆಯವರು ಒಂಬತ್ತು ವರ್ಷ ಸ್ಟುಟ್‌ಗಾರ್ಟ್‌ನಲ್ಲಿದ್ದು ಮರಳಿದವರು. ಅಲ್ಲಿನ ಮನೆಯಲ್ಲಿ ಎಚ್‌ಆರ್‌ವಿ ಇತ್ತಂತೆ. ಶಾಖವನ್ನು ಮರಳಿ ಪಡೆಯುವ ವಾತಾಯನ ಯಂತ್ರ ಎಂದರೆ ಇಷ್ಟೇ: ಒಂದು ಫ್ಯಾನು ಸ್ನಾನದ ಮನೆ, ಬಟ್ಟೆ ಒಗೆಯುವ ಜಾಗಗಳ ಹಳಸಿದ ಗಾಳಿಯನ್ನು ಹೊರಗೆ ದೂಡುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಸೋಸಿ ಒಳಗೆ ತರುತ್ತದೆ. ಎರಡೂ ಗಾಳಿ ತೆಳುವಾದ ಹಾಳೆಗಳ ಒಂದು ಗೂಡಿನಲ್ಲಿ ಅಕ್ಕಪಕ್ಕ ಹಾದುಹೋಗುತ್ತವೆ. ಬೆರೆಯುವುದಿಲ್ಲ, ಶಾಖವನ್ನು ಮಾತ್ರ ಕೈ ಬದಲಾಯಿಸುತ್ತವೆ. ಚಳಿ ನಾಡಿನಲ್ಲಿ ಹೊರಹೋಗುವ ಬೆಚ್ಚಗಿನ ಗಾಳಿ ಒಳಬರುವ ಹಿಮದ ಗಾಳಿಯನ್ನು ಕಾಯಿಸಿಯೇ ಮನೆ ಬಿಡುತ್ತದೆ. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಒಕ್ಕಲಾದ ಮೊದಲ ಪ್ಯಾಸಿವ್‌ಹೌಸ್ ಮನೆಗಳು, ಅಂದರೆ ಬಹಳ ಕಡಿಮೆ ಇಂಧನದಲ್ಲಿ ಬೆಚ್ಚಗಿರುವಂತೆ ಕಟ್ಟಿದ ಮನೆಗಳು, ನಿಂತಿದ್ದೇ ಇಂಥ ಯಂತ್ರದ ಮೇಲೆ. ಗೋಡೆ, ಕಿಟಕಿಗಳನ್ನು ಗಾಳಿ ಸೋರದಂತೆ ಮುಚ್ಚಿದ ಮೇಲೆ ಉಸಿರಾಡಲು ಬೇರೆ ದಾರಿ ಬೇಕಲ್ಲ.

ಕಲ್ಯಾಣನಗರದಲ್ಲಿ ಕಿಟಕಿ ಮುಚ್ಚಿಸಿದ್ದು ಚಳಿಯಲ್ಲ, ದೂಳು. ಹೊರ ವರ್ತುಲ ರಸ್ತೆಯ ಮೆಟ್ರೊ ಕಾಮಗಾರಿ ಮನೆಯಿಂದ ಕೂಗಳತೆಯಲ್ಲಿತ್ತು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದಾಗಿತ್ತು. ಕಿಟಕಿ ಮುಚ್ಚಿ ಎ.ಸಿ. ಹಾಕಿ ಮಲಗಿದರೆ ಬೆಳಿಗ್ಗೆ ತಲೆಭಾರ. ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗಾಗಿಸುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ ಎಂಬುದು ಬಹಳ ಜನರಿಗೆ ಇಂದಿಗೂ ತಿಳಿದಿಲ್ಲ. ನಾನು ಮೀಟರ್ ಇಟ್ಟು ಬಂದೆ. ಇಬ್ಬರು ಮಲಗಿದ ಕೋಣೆಯಲ್ಲಿ ಬೆಳಗಿನ ಆರು ಗಂಟೆಗೆ ಇಂಗಾಲದ ಡೈಆಕ್ಸೈಡ್ 2,300 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು. ಹೊರಗಿನ ಗಾಳಿಯಲ್ಲಿ ಅದು ಸುಮಾರು 420. ಕಾಯಿಲೆ ಅಲ್ಲಿಗೆ ಗೊತ್ತಾಯಿತು. ಮದ್ದಿನ ಹೆಸರನ್ನು ಅವರೇ ಮೊದಲು ಹೇಳಿದ್ದರಿಂದ ನಾನು ಮುಂದೆ ಯೋಚಿಸಲಿಲ್ಲ. ಮೊದಲ ತಪ್ಪು ಅದೇ.

ಎಷ್ಟು ಗಾಳಿ ಬೇಕು ಎಂಬ ಲೆಕ್ಕ ಮಾತ್ರ ಸರಿಯಾಗಿತ್ತು. ಅಮೆರಿಕದ ಆಶ್ರೇ ಸಂಸ್ಥೆಯ 62.2 ಮಾನದಂಡದ ಸೂತ್ರ ಸರಳವಾದದ್ದು. ಪ್ರತಿ ಚದರ ಅಡಿಗೆ 0.03 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ. ಜೊತೆಗೆ ಮಲಗುವ ಕೋಣೆಗಳ ಸಂಖ್ಯೆಗೆ ಒಂದು ಕೂಡಿಸಿ 7.5ರಿಂದ ಗುಣಿಸಿದಷ್ಟು. 1,650 ಚದರ ಅಡಿಯ ಮೂರು ಕೋಣೆಗಳ ಮನೆಗೆ ಸುಮಾರು 80. ನಾನು 150 ಸಿಎಫ್‌ಎಂ ಯಂತ್ರ ಬರೆದೆ. ದುಪ್ಪಟ್ಟು ಹತ್ತಿರ ಇದೆ, ಇನ್ನೇನು ಬೇಕು ಎಂದುಕೊಂಡೆ.

ಕೆಲಸ ಶುರುವಾದ ಎರಡನೆಯ ದಿನ ಕೋರ್ ಕಟಿಂಗ್, ಅಂದರೆ ಗೋಡೆಗೆ ದುಂಡನೆಯ ರಂಧ್ರ ಕೊರೆಯುವ ಕೆಲಸ, ಮಾಡುವ ಹುಡುಗ ಏಣಿಯಿಂದ ಇಳಿದು ಬಂದು, "ಸಾರ್, ಇಲ್ಲಿ ತೊಲೆ ಇದೆ" ಎಂದ. ಹಜಾರಕ್ಕೂ ಊಟದ ಜಾಗಕ್ಕೂ ನಡುವೆ ಒಂದೂವರೆ ಅಡಿ ಆಳದ ಕಾಂಕ್ರೀಟ್ ತೊಲೆ. ಒಳಾಂಗಣ ವಿನ್ಯಾಸದವರು ಅದನ್ನು ಜಿಪ್ಸಮ್‌ನಲ್ಲಿ ಎಷ್ಟು ಅಂದವಾಗಿ ಮುಚ್ಚಿದ್ದರೆಂದರೆ ನಾನು ಅದನ್ನು ಬರೀ ಅಲಂಕಾರ ಎಂದುಕೊಂಡಿದ್ದೆ. ನನ್ನ ನಕ್ಷೆಯಲ್ಲಿ ಪೈಪು ಅಲ್ಲಿ ನೇರ ಗೆರೆಯಾಗಿ ಹಾದುಹೋಗಿತ್ತು. ಕಟ್ಟಡದ ಎಂಜಿನಿಯರ್ ಒಪ್ಪದೆ ತೊಲೆಗೆ ಆರಿಂಚಿನ ರಂಧ್ರ ಕೊರೆಯುವ ಮಾತೇ ಇಲ್ಲ. ಆ ಎಂಜಿನಿಯರ್ ಫೋನಿನಲ್ಲೇ ಎರಡು ಸಲ 'ಇಲ್ಲ' ಎಂದರು. ಎರಡನೆಯ ಸಲದ್ದು ನನ್ನ ಧೈರ್ಯಕ್ಕೆ ಇರಬೇಕು.

ಹಾಗಾಗಿ ಪೈಪು ಸುತ್ತಿ ಬಳಸಿ ಹೋಗಬೇಕಾಯಿತು. ಸ್ನಾನದ ಮನೆಯ ಅಟ್ಟ, ಅಲ್ಲಿಂದ ಕಾರಿಡಾರ್, ಅಲ್ಲಿಂದ ಇನ್ನೊಂದು ಸ್ನಾನದ ಮನೆ. ನಾಲ್ಕು ರಂಧ್ರ ಎಂದಿದ್ದದ್ದು ಹದಿನಾಲ್ಕಾಯಿತು, 18 ಮೀಟರ್ ಪೈಪು 31 ಮೀಟರ್ ಆಯಿತು, ಐದು ತಿರುವು ಹದಿಮೂರಾದವು. ಆಗಷ್ಟೇ ಬಣ್ಣ ಹೊಡೆದ ಸೀಲಿಂಗನ್ನು ಒಡೆದು ಮತ್ತೆ ಕಟ್ಟಿ, ಒಂದು ತೇಪೆ ಎದ್ದು ಕಾಣುತ್ತದೆಂದು ಇಡೀ ಹಜಾರಕ್ಕೆ ಮತ್ತೆ ಬಣ್ಣ ಹೊಡೆಸಿದ್ದಕ್ಕೆ 58,000. ಹೆಚ್ಚಿನ ಹತ್ತು ರಂಧ್ರಗಳಿಗೆ 18,000. ಹೊಸ ಗಾಳಿ ಒಳಬರುವ ಬಾಯಿಗೂ ಹಳಸಿದ ಗಾಳಿ ಹೊರಹೋಗುವ ಬಾಯಿಗೂ ಕನಿಷ್ಠ ಹತ್ತು ಅಡಿ ಅಂತರ ಬೇಕು, ಇಲ್ಲವಾದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡಂತೆ. ಆ ಅಂತರ ಸಿಕ್ಕಿದ್ದು ಮೂರನೆಯ ಮಹಡಿಯ ಹೊರಗೋಡೆಯಲ್ಲಿ. ಅಲ್ಲಿಗೆ ಸಾರುವೆ ಕಟ್ಟಲು 14,000.

ಇಷ್ಟಾದ ಮೇಲೆ ಯಂತ್ರ ಚಾಲೂ ಮಾಡಿ ಪ್ರತಿ ಜಾಲರಿಯ ಮುಂದೆ ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹಿಡಿದೆ. ಎಲ್ಲ ಕೂಡಿಸಿದರೆ 54 ಸಿಎಫ್‌ಎಂ. ಯಂತ್ರದ ಮೈಮೇಲಿನ 150 ಎಂಬುದು ಎದುರಿಗೆ ಹೆಚ್ಚು ಒತ್ತಡವಿಲ್ಲದಾಗಿನ ಮಾತು. ಪ್ರತಿ ತಿರುವು, ಪ್ರತಿ ಸುಕ್ಕು ಫ್ಯಾನಿನ ಎದೆಯ ಮೇಲೆ ಕೂರುತ್ತದೆ. ಖರ್ಚು ಹಿಡಿಯಲು ಹೋಗಿ ನಾನು ಹೆಚ್ಚುವರಿ ಉದ್ದಕ್ಕೆ ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪು ಹಾಕಿಸಿದ್ದೆ. ಅದನ್ನು ಕಿತ್ತು ನುಣುಪಾದ ಪಿವಿಸಿ ಪೈಪು ಹಾಕಿದ ಮೇಲೆ 91 ಬಂತು. ಆ ಪೈಪಿನ ಹಣವನ್ನು ಯಾರಿಂದಲೂ ಕೇಳುವಂತಿರಲಿಲ್ಲ, ಕಂಪನಿಯೇ ನುಂಗಿಕೊಂಡಿತು. ಆಮೇಲೆ ಸದ್ದು. ಮಲಗುವ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಸಣ್ಣದಾಗಿ ಗುಂಯ್ ಎನ್ನುವ ದನಿ ಹಗಲು ಕೇಳಿಸದು, ರಾತ್ರಿ ಬಿಡದು. ಸದ್ದು ತಡೆಯುವ ಸೈಲೆನ್ಸರ್, ಕೋಣೆ ಕೋಣೆಗೆ ಗಾಳಿ ಹಂಚುವ ಡ್ಯಾಂಪರ್‌ಗಳಿಗೆ 21,000.

ಕೊನೆಗೆ ಬಾಗಿಲುಗಳು. ಕೋಣೆಗೆ ಬಂದ ಗಾಳಿ ಸ್ನಾನದ ಮನೆಯವರೆಗೆ ಹೋಗಬೇಕಾದರೆ ಮುಚ್ಚಿದ ಬಾಗಿಲಿನ ಕೆಳಗೆ ಮುಕ್ಕಾಲು ಇಂಚಾದರೂ ಸಂದು ಬೇಕು. ತೇಗದ ಬಾಗಿಲುಗಳು. ಕೊಯ್ಯಬೇಕು ಎಂದಾಗ ಮನೆಯ ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿ, "ಕಿಟಕಿ ಇರುವ ಮನೆಯಲ್ಲಿ ಬಾಗಿಲು ಕೊಯ್ದು ಗಾಳಿ ತರುವವರನ್ನು ಈಗಲೇ ನೋಡಿದ್ದು" ಎಂದರು. ಬಡಗಿಯ ಕೂಲಿ 5,000. ಅಜ್ಜಿಯ ಮಾತಿಗೆ ಬಿಲ್ ಇರಲಿಲ್ಲ, ಆದರೆ ಇಡೀ ಕೆಲಸದಲ್ಲಿ ಅತ್ಯಂತ ದುಬಾರಿಯಾದದ್ದು ಅದೇ.

ಏಕೆಂದರೆ ಏಪ್ರಿಲ್‌ನಲ್ಲಿ ಫೋನು ಬಂತು. ರಾತ್ರಿ ಹತ್ತಾದರೂ ಜಾಲರಿಯಿಂದ ಬೆಚ್ಚಗಿನ ಗಾಳಿ ಬರುತ್ತಿದೆ, ಬಾಲ್ಕನಿಗೆ ಹೋದರೆ ತಂಪಾಗಿದೆ, ಯಂತ್ರ ಕೆಟ್ಟಿದೆಯೇ ಎಂದು ಕೇಳಿದರು. ಕೆಟ್ಟಿರಲಿಲ್ಲ. ತನ್ನ ಧರ್ಮವನ್ನು ತಪ್ಪದೆ ಪಾಲಿಸುತ್ತಿತ್ತು. ಬೆಂಗಳೂರಿನ ಬೇಸಿಗೆಯಲ್ಲಿ ಹಗಲೆಲ್ಲ ಕಾದ ತಾರಸಿ ರಾತ್ರಿ ಮನೆಯೊಳಗೆ ಶಾಖ ಬಿಡುತ್ತದೆ, ಹೊರಗೆ ಮಾತ್ರ ತಂಗಾಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಿನ ಪುಣ್ಯ ಅದು. ಆ ತಂಗಾಳಿಯನ್ನು ನಮ್ಮ ಯಂತ್ರ ಒಳಗಿನ ಸೆಕೆಯ ಪಕ್ಕದಲ್ಲಿ ಹಾಯಿಸಿ, ಚೆನ್ನಾಗಿ ಬಿಸಿ ಮಾಡಿ, ಸೋಸಿ ಕೊಡುತ್ತಿತ್ತು. ಶಾಖದ ಗೂಡನ್ನು ತಪ್ಪಿಸಿ ಗಾಳಿಯನ್ನು ನೇರ ಬಿಡುವ ಬೈಪಾಸ್ ಇರುವ ಮಾದರಿಯೂ ಇತ್ತು. ಬೆಲೆ ಹೆಚ್ಚೆಂದು ನಾನೇ ಬಿಟ್ಟಿದ್ದೆ.

ಆ ರಾತ್ರಿ ಕೂತು, ಮೊದಲೇ ಹಾಕಬೇಕಾಗಿದ್ದ ಲೆಕ್ಕ ಹಾಕಿದೆ. 80 ಸಿಎಫ್‌ಎಂ ಎಂದರೆ ಗಂಟೆಗೆ 136 ಘನ ಮೀಟರ್. ಒಂದು ಘನ ಮೀಟರ್ ಗಾಳಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 0.33 ವ್ಯಾಟ್-ಗಂಟೆ. ಸ್ಟುಟ್‌ಗಾರ್ಟ್‌ನ ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ, ಒಳಗೆ 20 ಇದ್ದರೆ ವ್ಯತ್ಯಾಸ 25. ಹೋಗುವ ಶಾಖ 1,120 ವ್ಯಾಟ್, ಯಂತ್ರ ನೂರಕ್ಕೆ ಎಪ್ಪತ್ತು ಹಿಡಿದಿಟ್ಟರೂ 785 ವ್ಯಾಟ್ ಉಳಿತಾಯ, ಹಗಲು ರಾತ್ರಿ, ತಿಂಗಳುಗಟ್ಟಲೆ. ಇಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 34, ಎ.ಸಿ. ಕೋಣೆಯಲ್ಲಿ 26. ವ್ಯತ್ಯಾಸ 8. ಹಿಡಿಯುವುದು 250 ವ್ಯಾಟ್ ಶಾಖ. ಎ.ಸಿ. ಒಂದು ಪಾಲು ವಿದ್ಯುತ್ತಿನಲ್ಲಿ ಮೂರು ಪಾಲು ಶಾಖ ಹೊರಹಾಕುವುದರಿಂದ, ಮೀಟರಿನಲ್ಲಿ ಉಳಿಯುವುದು ಸುಮಾರು 84 ವ್ಯಾಟ್. ಯಂತ್ರದ ಎರಡು ಫ್ಯಾನುಗಳು ತಿನ್ನುವುದು 75. ಅಂದರೆ ಸೆಕೆಗಾಲದ ಕೆಲವು ಗಂಟೆಗಳು ಒಂಬತ್ತು ವ್ಯಾಟ್ ಲಾಭ, ಉಳಿದ ವರ್ಷವೆಲ್ಲ ನಷ್ಟ.

ನಾನು ಕೊಟೇಷನ್ ಜೊತೆ ಲಗತ್ತಿಸಿದ್ದ ಕೈಪಿಡಿಯಲ್ಲಿ 'ವಿದ್ಯುತ್ ಉಳಿತಾಯ' ಎಂಬ ಮಾತು ದಪ್ಪ ಅಕ್ಷರಗಳಲ್ಲಿತ್ತು. ಸುಳ್ಳಲ್ಲ ಅದು, ಬೇರೆ ಊರಿನ ನಿಜ. ಅದನ್ನು ಕಲ್ಯಾಣನಗರದ ವಿಳಾಸಕ್ಕೆ ತಲುಪಿಸಿದವನು ನಾನು.

ಮರುದಿನ ಹೋಗಿ ಇದನ್ನೆಲ್ಲ ಅವರ ಮುಂದೆ ಹೇಳಿದೆ. ಹೋಗುವ ಮೊದಲು ನಮ್ಮ ಯಜಮಾನರ ಒಪ್ಪಿಗೆ ಕೇಳಿರಲಿಲ್ಲ, ಆಮೇಲೆ ಅದಕ್ಕೂ ಬೈಸಿಕೊಂಡೆ. ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದು ನನಗೆ ಏನು ಕೊಟ್ಟಿತು?" ಎಂದು ಕೇಳಿದರು. ಮೀಟರ್ ತೆಗೆದು ತೋರಿಸಿದೆ. ಬೆಳಗಿನ ಆರು ಗಂಟೆಗೆ ಸಾವಿರದ ಆಸುಪಾಸು. ಮೇಜಿನ ಮೇಲೆ ಹೆಸರು ಬರೆಯುವಷ್ಟು ದೂಳಿಲ್ಲ. ಅದು ಶಾಖದ ಗೂಡಿನ ಉಪಕಾರವಲ್ಲ, ಫ್ಯಾನು ಮತ್ತು ಫಿಲ್ಟರಿನದು. ಬರೀ ಫ್ಯಾನು, ಒಳ್ಳೆಯ ಫಿಲ್ಟರ್ ಪೆಟ್ಟಿಗೆ, ಕೋಣೆ ಕೋಣೆಗೆ ಒಂದು ನಾಲ್ಕಿಂಚಿನ ಪೈಪು ಹಾಕಿದ್ದರೂ ಇದೇ ಗಾಳಿ ಬರುತ್ತಿತ್ತು. ನನ್ನ ಅಂದಾಜಿನ ಪ್ರಕಾರ ಕಾಲು ಭಾಗದ ಖರ್ಚಿನಲ್ಲಿ.

ಹೆಚ್ಚುವರಿಯಲ್ಲಿ 60,000 ಅವರು ಕೊಟ್ಟರು, 56,000 ನಮ್ಮ ತಲೆಗೆ ಬಂತು. ಅವರಿಗೆ ಒಟ್ಟು ಬಿದ್ದದ್ದು 2,45,000, ಮೇಲೆ ನೂರಕ್ಕೆ 18ರ ಜಿಎಸ್‌ಟಿ ಸೇರಿ 2,89,100. ಆ ವರ್ಷ ನನಗೆ ಪ್ರೋತ್ಸಾಹಧನ ಸಿಗಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಫಿಲ್ಟರಿನ ಲೆಕ್ಕ ಬೇರೆ. ಒಂದು ಜೊತೆಗೆ 4,500. ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು ಎಂದು ಕೈಪಿಡಿ ಹೇಳಿತ್ತು, ಮೆಟ್ರೊ ದೂಳಿಗೆ ಮೂರು ತಿಂಗಳೂ ಬಾಳಲಿಲ್ಲ. ಮುಂದೆ ಒಂದು ತೊಳೆಯಬಹುದಾದ ಒರಟು ಜಾಲರಿ ಕೂರಿಸಿದ ಮೇಲೆ ಆರು ತಿಂಗಳಿಗೆ ಬಂತು. ಭಾನುವಾರ ಗಿಡಕ್ಕೆ ನೀರು ಬಿಡುವ ಪೈಪಿನಲ್ಲೇ ಅದನ್ನು ತೊಳೆಯುತ್ತಾರೆ. ಮೊದಲ ಸಲ ಹೊರಟ ನೀರು ಸಿಮೆಂಟ್ ಹಾಲಿನಂತಿತ್ತು ಎಂದು ಫೋಟೊ ಕಳಿಸಿದ್ದರು.

ಈಗ ನನ್ನ ಚೀಲದಲ್ಲಿ ಒಂದು ಉದ್ದ ಹಿಡಿಯ ಸ್ಕ್ರೂಡ್ರೈವರ್ ಇರುತ್ತದೆ. ಮನೆಗೆ ಕಾಲಿಟ್ಟ ಕೂಡಲೇ ಸೀಲಿಂಗಿಗೆ ಅದರ ಹಿಡಿಯಿಂದ ಕುಟ್ಟುತ್ತೇನೆ, ಡಬ್ ಎಂದರೆ ಟೊಳ್ಳು, ಟಕ್ ಎಂದರೆ ತೊಲೆ. ಪಿಯಾನೊ ಶ್ರುತಿ ಮಾಡಲು ಬಂದವನ ಹಾಗೆ ಕಾಣುತ್ತೇನೆ ಎಂದು ಸಹೋದ್ಯೋಗಿಗಳು ನಗುತ್ತಾರೆ. ಕಟ್ಟುತ್ತಿರುವ ಮನೆಯಾದರೆ ತಾರಸಿ ಹಾಕುವ ಮೊದಲೇ ಹೋಗಿ, ಪೈಪು ಹೋಗುವ ಜಾಗದಲ್ಲಿ ಒಂದೊಂದು ಪಿವಿಸಿ ತುಂಡು ಹೂಳಿಸಿ ಬರುತ್ತೇನೆ. ಆಗ ರಂಧ್ರದ ಬೆಲೆ ಆ ತುಂಡಿನ ಬೆಲೆಯಷ್ಟೇ. ಕೊಟೇಷನ್ ನಾಲ್ಕು ಪುಟಕ್ಕೆ ಬೆಳೆದಿದೆ. ಯಂತ್ರ ಕೊನೆಯ ಪುಟದಲ್ಲಿ ಬರುತ್ತದೆ. ಕೆಲವರು ಮೊದಲ ಪುಟಕ್ಕೇ ಗಾಬರಿಯಾಗಿ ಮೂರು ಸಾಲಿನ ಕೊಟೇಷನ್ ಕೊಡುವವರ ಹತ್ತಿರ ಹೋಗುತ್ತಾರೆ.

ಹೋದ ತಿಂಗಳು ಬಸವನಗುಡಿಯ ಹಳೆಯ ಮನೆಯೊಂದರಿಂದ ಕರೆ ಬಂದಿತ್ತು. ಅವರಿಗೂ ಎಚ್‌ಆರ್‌ವಿ ಬೇಕಿತ್ತು. ಕೆಂಪು ಗಾರೆಯ ನೆಲ, ಎತ್ತರದ ಗೋಡೆ, ಗೋಡೆಯ ನೆತ್ತಿಯಲ್ಲಿ ಸಾಲು ಬೆಳಕಿಂಡಿಗಳು. ಎ.ಸಿ. ಹಾಕಿಸಿದ ವರ್ಷ ಅವುಗಳಿಗೆಲ್ಲ ಪ್ಲೈವುಡ್ ಹೊಡೆಸಿದ್ದರಂತೆ. ರಸ್ತೆ ಒಳಗಿನದು, ಎದುರಿಗೆ ಎರಡು ಹೊಂಗೆ ಮರ, ದೂಳು ಹೆಚ್ಚಿಲ್ಲ. ಸ್ಕ್ರೂಡ್ರೈವರ್ ಹೊರತೆಗೆದೆ, ಆದರೆ ಕುಟ್ಟಲು ಅಲ್ಲ. ಏಣಿ ತರಿಸಿ ಒಂದು ಪ್ಲೈವುಡ್ ಹಲಗೆಯ ತಿರುಪು ಬಿಚ್ಚಿದೆ. ಉಳಿದ ಐದನ್ನೂ ಬಿಚ್ಚಿ ಎಲ್ಲಕ್ಕೂ ಸೊಳ್ಳೆ ಪರದೆ, ಮುಚ್ಚಿ ತೆರೆಯುವ ಕದ ಹಾಕಲು ನಮ್ಮ ಅದೇ ಬಡಗಿಯ ಫೋನ್ ನಂಬರ್ ಬರೆದು ಕೊಟ್ಟೆ. ಕಚೇರಿಗೆ ಬಂದಾಗ ಯಜಮಾನರು, "ಆರ್ಡರ್ ಎಷ್ಟರದು?" ಎಂದರು. ಬಡಗಿಗೆ ಎಂಟು ಸಾವಿರ ಆಗಬಹುದು ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು.