ಮೊದಲು ಅಕ್ಷರ, ಆಮೇಲೆ ಚಿತ್ರ

20 ಜುಲೈ 2025, ಭಾನುವಾರ
ಚಿಕ್ಕಮಗಳೂರು

ಚಿತ್ರಕಥೆ, ಅಂದರೆ ಕಾಮಿಕ್ಸ್, ಮಾಡುವ ನಮ್ಮ ಗೆಳೆಯರ ಕೂಟದಲ್ಲಿ ಇವತ್ತು ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗಿತು. ಹೊಡೆದಾಟವಿಲ್ಲದ, ಹಾರುವ ನಾಯಕನಿಲ್ಲದ ಚಿತ್ರಕಥೆಯಲ್ಲಿ ಓದುಗರನ್ನು ಒಂದು ಚೌಕದಿಂದ ಮುಂದಿನ ಚೌಕಕ್ಕೆ ಎಳೆದುಕೊಂಡು ಹೋಗುವುದು ಏನು? ಸೂಪರ್‌ಹೀರೋ ಪುಟದಲ್ಲಿ ಉತ್ತರ ಕಣ್ಣಿಗೇ ಕಾಣುತ್ತದೆ: ಒಂದು ಚೌಕದಲ್ಲಿ ಎತ್ತಿದ ಮುಷ್ಟಿ, ಮುಂದಿನದರಲ್ಲಿ ಬಿದ್ದ ಏಟು. ಆದರೆ ಮೇಜಿನ ಮೇಲಿದ್ದ ಪುಸ್ತಕಗಳು ಬೇರೆ ಜಾತಿಯವು. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆದ ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್', ಮರ್ಜಾನ್ ಸತ್ರಪಿಯವರ 'ಪರ್ಸೆಪೊಲಿಸ್', ಜೋ ಸ್ಯಾಕೊ ಅವರ 'ಪ್ಯಾಲೆಸ್ಟೈನ್', ನರ್ಮದೆಯ ಅಣೆಕಟ್ಟಿನ ಬಗ್ಗೆ ಒರಿಜಿತ್ ಸೇನ್ 1994ರಲ್ಲಿ ತಂದ 'ರಿವರ್ ಆಫ್ ಸ್ಟೋರೀಸ್', 2011ರ 'ಭೀಮಾಯಣ'. ಇವುಗಳಲ್ಲಿ ಬಹಳಷ್ಟು ಪುಟಗಳಲ್ಲಿ ಜನ ಕೂತು ಮಾತಾಡುತ್ತಾರೆ, ನಡೆಯುತ್ತಾರೆ, ಕಾಯುತ್ತಾರೆ. ಆದರೂ ಪುಸ್ತಕ ಕೆಳಗಿಡಲಾಗುವುದಿಲ್ಲ.

ಗುಟ್ಟು ಚೌಕಗಳ ನಡುವಿನ ಬಿಳಿ ಜಾಗದಲ್ಲಿದೆ. ಅದನ್ನು ಗಟರ್ ಅನ್ನುತ್ತಾರೆ. ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್ಲೌಡ್ 1993ರ ತಮ್ಮ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಪುಸ್ತಕದಲ್ಲಿ ಒಂದು ಚೌಕದಿಂದ ಇನ್ನೊಂದಕ್ಕೆ ದಾಟುವ ಆರು ಬಗೆಗಳನ್ನು ವಿಂಗಡಿಸಿದ್ದಾರೆ. ನಮ್ಮ ಕೆಲಸಕ್ಕೆ ಮುಖ್ಯವಾದವು ಎರಡು: ಕ್ರಿಯೆಯಿಂದ ಕ್ರಿಯೆಗೆ ದಾಟುವುದು, ಒಂದೇ ಗಳಿಗೆಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ದಾಟುವುದು. ಕಾಫಿ ಕಣದ ಒಂದು ಪುಟವನ್ನೇ ತೆಗೆದುಕೊಳ್ಳಿ. ಕಣದಲ್ಲಿ ಕಾಫಿ ಹರವಿದೆ, ಅಕಾಲದ ಮೋಡ ಕಟ್ಟುತ್ತಿದೆ. ಕ್ರಿಯೆಯ ದಾರಿ ಹಿಡಿದರೆ ಆಳು ತಲೆಯೆತ್ತುತ್ತಾನೆ, ಓಡುತ್ತಾನೆ, ಟಾರ್ಪಾಲು ಎಳೆಯುತ್ತಾನೆ, ಮೊದಲ ಹನಿ ಬೀಳುತ್ತದೆ. ನಾಲ್ಕು ಚೌಕದಲ್ಲಿ ಮುಗಿಯಿತು. ಇನ್ನೊಂದು ದಾರಿಯಲ್ಲಿ, ಬಿಟ್ಟುಹೋದ ಮರದ ಗೋರೆ. ಪಟಪಟ ಹೊಡೆದುಕೊಳ್ಳುವ ಟಾರ್ಪಾಲಿನ ಅಂಚು. ಕಿವಿ ನೆಟ್ಟಗೆ ಮಾಡಿದ ನಾಯಿ. ಗಾಳಿಗೆ ಮಗುಚಿ ಬೆಳ್ಳಗೆ ಕಾಣುವ ಸಿಲ್ವರ್ ಓಕ್ ಎಲೆ. ಗಡಿಯಾರ ಒಂದು ಕ್ಷಣವೂ ಮುಂದೆ ಹೋಗಿಲ್ಲ, ಆತಂಕ ಮಾತ್ರ ಬೆಳೆದಿದೆ. ಸಿಲ್ವರ್ ಓಕ್ ಎಲೆಯ ಬೆನ್ನು ಬಿಳಿಯಾದ್ದರಿಂದ ಕಪ್ಪು ಶಾಯಿಯಲ್ಲೂ ಅದು ಗಾಳಿಯನ್ನು ತೋರಿಸುತ್ತದೆ. ಈ ಸೀಮೆಯ ಕಥೆ ಬರೆಯುವವರಿಗೆ ಇಂಥ ವಿವರ ಪುಕ್ಕಟೆ ಸಿಗುವ ಸಂಪತ್ತು.

ಗಟರಿನ ಅಗಲವೂ ಕಾಲವನ್ನು ಹೇಳಬಲ್ಲದು. ಎ5 ಪುಟಕ್ಕೆ, ಅಂದರೆ ಎ4 ಹಾಳೆಯ ಅರ್ಧಕ್ಕೆ, ನಾವು ಒಪ್ಪಿಕೊಂಡ ಅಳತೆ ಇದು: ಅಕ್ಕಪಕ್ಕದ ಚೌಕಗಳ ನಡುವೆ 3 ಮಿ.ಮೀ., ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ 5 ಮಿ.ಮೀ. ಎರಡನ್ನೂ ಒಂದೇ ಅಳತೆಗೆ ಇಟ್ಟರೆ ನಾಲ್ಕು ಚೌಕ ಕೂಡುವಲ್ಲಿ ಕೂಡು ಚಿಹ್ನೆಯಂಥ ಸಂದು ಹುಟ್ಟುತ್ತದೆ. ಅಲ್ಲಿ ಕಣ್ಣು ಬಲಕ್ಕೆ ಹೋಗಲೋ ಕೆಳಕ್ಕೆ ಇಳಿಯಲೋ ಎಂದು ತಡವರಿಸುತ್ತದೆ. ಒಂದು ರಾತ್ರಿ ಕಳೆದಿದೆ ಎಂದು ತೋರಿಸಬೇಕಾದರೆ ಸಾಲುಗಳ ನಡುವೆ 10 ಮಿ.ಮೀ. ಬಿಡಿ, 'ಮರುದಿನ' ಎಂಬ ಬರಹದ ಪಟ್ಟಿ ಎಷ್ಟೋ ಸಲ ಬೇಕಾಗುವುದೇ ಇಲ್ಲ.

ಓದುವ ದಿಕ್ಕಿನ ಮಾತು ಬಂದಾಗ ತರೀಕೆರೆ ಹತ್ತಿರದ ಅಮೃತಾಪುರದ ಪ್ರಸ್ತಾಪವಾಯಿತು. 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನದ ಗೋಡೆಯಲ್ಲಿ 140 ಕಥಾಫಲಕಗಳಿವೆ. ದಕ್ಷಿಣದಲ್ಲಿ ರಾಮಾಯಣದ 70, ಉತ್ತರದಲ್ಲಿ ಕೃಷ್ಣನ ಕಥೆಯ 25 ಮತ್ತು ಮಹಾಭಾರತದ 45. ಪ್ರದಕ್ಷಿಣೆ ಹಾಕುವಾಗ ಗೋಡೆ ನಮ್ಮ ಬಲಕ್ಕಿರುತ್ತದೆ. ನಿಂತು ಗೋಡೆಯತ್ತ ತಿರುಗಿದರೆ ನಾವು ಹೋಗುತ್ತಿದ್ದ ದಿಕ್ಕು ಎಡಕ್ಕೆ ಬಂದಿರುತ್ತದೆ. ಅಂದರೆ ಪ್ರದಕ್ಷಿಣೆಯ ಕ್ರಮದಲ್ಲಿ ಕಡೆದ ಕಥೆ ಬಲದಿಂದ ಎಡಕ್ಕೆ ಸಾಗುತ್ತದೆ, ಜಪಾನಿನ ಕಾಮಿಕ್ಸ್ ಆದ ಮಾಂಗಾದ ಪುಟದ ಹಾಗೆಯೇ. ಉತ್ತರದ ಗೋಡೆ ಹೀಗಿದೆ, ಹೊಯ್ಸಳರ ರೂಢಿಯೂ ಇದೇ. ಆದರೆ ದಕ್ಷಿಣದ ರಾಮಾಯಣ ಅಪ್ರದಕ್ಷಿಣವಾಗಿ ನಡೆಯುತ್ತದೆ. ಎದುರು ನಿಂತವರಿಗೆ ಎಡದಿಂದ ಬಲಕ್ಕೆ, ಕನ್ನಡ ಓದುವ ಹಾಗೆ. ಮಾಂಗಾ ಓದಲು ಕಷ್ಟ ಎನ್ನುವವರು ಒಂದು ಸಲ ಅಮೃತಾಪುರದ ಎರಡೂ ಗೋಡೆ ನೋಡಿಬರಬೇಕು. ಪುಟ ಬಿಡಿಸುವವರಂತೂ ನೋಡಲೇಬೇಕು: ಪಾತ್ರಗಳ ಮುಖ ಯಾವ ಕಡೆಗಿದೆ, ರಥ ಯಾವ ಕಡೆ ಓಡುತ್ತಿದೆ ಎಂಬುದರಿಂದಲೇ ಮುಂದಿನ ಫಲಕ ಎತ್ತ ಇದೆ ಎಂದು ತಿಳಿಯುತ್ತದೆಯೇ ಎಂದು ಪರೀಕ್ಷಿಸಬಹುದು. ಕಾಗದದ ಮೇಲೂ ಊರು ಬಿಟ್ಟು ಹೊರಟವನು ಬಲಕ್ಕೆ ಮುಖ ಮಾಡಿದರೆ ಹೋಗುತ್ತಿದ್ದಾನೆ, ಎಡಕ್ಕೆ ಮುಖ ಮಾಡಿದರೆ ವಾಪಸು ಬರುತ್ತಿದ್ದಾನೆ ಅನ್ನಿಸುತ್ತದೆ.

ಮಾಂಗಾವನ್ನು ಕನ್ನಡಕ್ಕೆ ತರುವ ಆಸೆ ನಮ್ಮಲ್ಲಿ ಕೆಲವರಿಗಿದೆ. ಹಿರೋಶಿಮಾದ ಬಾಂಬನ್ನು ಆರು ವರ್ಷದ ಹುಡುಗನಾಗಿ ಕಂಡ ಕೇಜಿ ನಾಕಾಜಾವಾ 1973ರಲ್ಲಿ ಶುರುಮಾಡಿದ 'ಬೇರ್‌ಫೂಟ್ ಜೆನ್' ಮೊದಲ ಆಯ್ಕೆ. ತೊಡಕು ಏನೆಂದರೆ ಜಪಾನಿ ಅಕ್ಷರ ಮೇಲಿನಿಂದ ಕೆಳಗೆ ಇಳಿಯುವುದರಿಂದ ಮಾತಿನ ಗುಳ್ಳೆಗಳು ಉದ್ದಕ್ಕೆ, ಕಿರಿದಾಗಿ ಇರುತ್ತವೆ. ಕನ್ನಡದ ಒಂದು ಪದವೂ ಅದರಲ್ಲಿ ಅಡ್ಡಕ್ಕೆ ಕೂರುವುದಿಲ್ಲ.

ಇಲ್ಲಿಂದ ಮಾತು ಅಕ್ಷರಕ್ಕೆ ಹೊರಳಿತು, ಉಳಿದ ಹೊತ್ತೆಲ್ಲ ಅಲ್ಲೇ ನಿಂತಿತು. ಕನ್ನಡ ಚಿತ್ರಕಥೆ ಕೆಡುವುದು ಹೆಚ್ಚಾಗಿ ಚಿತ್ರದಿಂದಲ್ಲ, ಅಕ್ಷರ ಕೂರಿಸುವುದರಿಂದ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚಿತ್ರ ಮುಗಿಸಿ, ಉಳಿದ ಜಾಗಕ್ಕೆ ಮಾತು ತುರುಕುತ್ತಾರೆ. ಕ್ರಮ ತಿರುಗಬೇಕು. ಮೊದಲು ಸಂಭಾಷಣೆಯನ್ನು ಮುದ್ರಣದ ಅಳತೆಯಲ್ಲೇ ಟೈಪ್ ಮಾಡಿ ಅಚ್ಚು ತೆಗೆಯಿರಿ. ಚೀಟಿಗಳಾಗಿ ಕತ್ತರಿಸಿ ಖಾಲಿ ಚೌಕದಲ್ಲಿ ಇಟ್ಟು ನೋಡಿ. ಮೊದಲು ಮಾತಾಡುವವನ ಚೀಟಿ ಎಡಕ್ಕೆ, ಮೇಲೆ. ಉತ್ತರ ಬಲಕ್ಕೆ, ತುಸು ಕೆಳಗೆ. ಹಾಗಾಗಿ ಮೊದಲು ಮಾತಾಡುವವನು ಎಡಗಡೆಯೇ ನಿಲ್ಲಬೇಕು, ಇಲ್ಲದಿದ್ದರೆ ಗುಳ್ಳೆಯ ಬಾಲಗಳು ಒಂದನ್ನೊಂದು ಅಡ್ಡಹಾಯುತ್ತವೆ. ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಹೀಗೆ ಮಾತೇ ತೀರ್ಮಾನಿಸುತ್ತದೆ. ಪೆನ್ಸಿಲ್ ಹಿಡಿಯುವುದು ಆಮೇಲೆ.

ಅಳತೆಗಳು: ಎ5 ಪುಟಕ್ಕೆ 10 ಪಾಯಿಂಟ್ ಅಕ್ಷರ, ಸಾಲಿನ ಅಂತರ 14ರಿಂದ 15 ಪಾಯಿಂಟ್. ಇಂಗ್ಲಿಷ್ ಕಾಮಿಕ್ಸ್ ಹೆಚ್ಚಾಗಿ ದೊಡ್ಡಕ್ಷರದಲ್ಲೇ (ಕ್ಯಾಪಿಟಲ್) ಇರುವುದರಿಂದ ಅಲ್ಲಿ 11 ಪಾಯಿಂಟ್ ಅಂತರವೂ ಸಾಕಾಗುತ್ತದೆ. ನಮಗೆ ಕೆಳಗೆ ಒತ್ತು, ಮೇಲೆ ಗುಡಿಸು. 'ರಾಷ್ಟ್ರ'ದ ಎರಡು ಒತ್ತು ಕೆಳಸಾಲಿನ 'ಕೀ'ಯ ನೆತ್ತಿಗೆ ತಾಗಿದರೆ ಎರಡು ಸಾಲೂ ಹಾಳು. ಗುಳ್ಳೆಯೊಳಗೆ ಮೇಲೆ 2 ಮಿ.ಮೀ., ಕೆಳಗೆ 3 ಮಿ.ಮೀ. ಬಿಡಬೇಕು. ನಾಲ್ಕು ಸಾಲು ಮೀರಬಾರದು, ಸಾಲಿಗೆ ಎರಡು ಅಥವಾ ಮೂರು ಪದ, ಒಂದು ಚೌಕಕ್ಕೆ ಹೆಚ್ಚೆಂದರೆ 15 ಪದ. ಪದಗಳು ಉದ್ದವಾದ್ದರಿಂದ ದುಂಡಗಿನ ಗುಳ್ಳೆಗಿಂತ ಮೂಲೆ ತಿರುವಿದ ಅಗಲ ಗುಳ್ಳೆ ಒಗ್ಗುತ್ತದೆ. ಪದ ಹಿಡಿಸದಿದ್ದರೆ ಅಡ್ಡಗೆರೆ ಹಾಕಿ ಮುರಿಯಬೇಡಿ, ವಾಕ್ಯವನ್ನೇ ಬದಲಿಸಿ. ಇಲ್ಲಿ ಹಾಸನ ಸೀಮೆಯ ಆಡುಮಾತು ನೆರವಿಗೆ ಬರುತ್ತದೆ. 'ಬರುತ್ತಿದ್ದಾನಂತೆ' ಆರು ಅಕ್ಷರ, 'ಬತ್ತಾವ್ನಂತೆ' ನಾಲ್ಕೇ. ಜಾಗವೂ ಉಳಿಯಿತು, ಪಾತ್ರದ ಬಾಯಿಗೂ ಒಪ್ಪಿತು. ಕಥನದ ಪಟ್ಟಿಗೆ ಗ್ರಂಥಭಾಷೆ, ಗುಳ್ಳೆಗೆ ಆಡುಮಾತು ಎಂದು ಬೇರೆ ಮಾಡಿದರೆ ಯಾರು ಹೇಳುತ್ತಿದ್ದಾರೆ ಎಂಬ ಗೊಂದಲವೂ ಇರುವುದಿಲ್ಲ.

ಒತ್ತಿ ಹೇಳುವ ಪದಕ್ಕೆ ಓರೆ ಅಕ್ಷರ ಬೇಡ. ಕನ್ನಡದ ದುಂಡು ಓರೆಯಾದರೆ ಬೀಳುತ್ತಿರುವಂತೆ ಕಾಣುತ್ತದೆ. ದಪ್ಪ ಅಕ್ಷರ ಸಾಕು. ಮಾತಿಗೆ ನೋಟೊ ಸ್ಯಾನ್ಸ್ ಕನ್ನಡ, ಕೂಗಿಗೆ ಬಾಲೂ ತಮ್ಮ, ಎರಡೂ ಉಚಿತ ಫಾಂಟುಗಳು. ಫೋಟೊಶಾಪ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಒಡೆದು ಬಂದರೆ ಫಾಂಟಿನ ತಪ್ಪಲ್ಲ. ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿಕೊಂಡರೆ ಸರಿಹೋಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಬರುವುದಿಲ್ಲ. ಕೆಲಸ ಶುರುಮಾಡುವ ಮೊದಲು 'ಸ್ವಾತಂತ್ರ್ಯ' ಎಂದು ಟೈಪ್ ಮಾಡಿ ನೋಡಿದರೆ ತಂತ್ರಾಂಶದ ಯೋಗ್ಯತೆ ತಿಳಿಯುತ್ತದೆ. ಸದ್ದಿನ ಪದಗಳನ್ನು ಮಾತ್ರ ಫಾಂಟಿಗೆ ಬಿಡದೆ ಕೈಯಲ್ಲೇ, ಶಾಯಿ ಹಾಕುವ ಮೊದಲೇ ಬಿಡಿಸಬೇಕು. 'ಜಿಟಿಜಿಟಿ' ಚೌಕದ ಅಂಚಿನಲ್ಲಿ ಸಣ್ಣದಾಗಿ ಇಳಿಯಲಿ, 'ಧೋ' ಪುಟದಗಲ ಹರಡಲಿ. ಅನುಕರಣ ಪದಗಳಲ್ಲಿ ಕನ್ನಡ ಇಷ್ಟು ಶ್ರೀಮಂತವಾಗಿರುವಾಗ 'ಬ್ಯಾಂಗ್', 'ಕ್ರ್ಯಾಶ್' ಎಂದು ಬರೆದಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಗುಳ್ಳೆಯ ಆಕಾರವೇ ಅರ್ಥ ಹೇಳಬಹುದು ಎಂಬುದಕ್ಕೆ 'ಭೀಮಾಯಣ'ಕ್ಕಿಂತ ಒಳ್ಳೆಯ ಪಾಠವಿಲ್ಲ. ಅಂಬೇಡ್ಕರರ ಬದುಕಿನ ಘಟನೆಗಳನ್ನು ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚೌಕಗಳೇ ಇಲ್ಲದೆ ಬಿಡಿಸಿದರು. ಪಾತ್ರಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಲು ಅವರು ಒಪ್ಪಲಿಲ್ಲ. ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ವಿನ್ಯಾಸವೇ ಪುಟವನ್ನು ಭಾಗ ಮಾಡುತ್ತದೆ. ಮೃದು ಮಾತಿಗೆ ಹಕ್ಕಿಯಾಕಾರದ ಗುಳ್ಳೆ, ಕುಟುಕುವ ಮಾತಿಗೆ ಚೇಳಿನ ಬಾಲ. ಅಂಬೇಡ್ಕರರಿಗೆ ನೀರು ನಿರಾಕರಿಸುವವರ ಮಾತಿನಲ್ಲಿ ಆ ಕೊಂಡಿ ಕಂಡಾಗ ಓದುವ ಮೊದಲೇ ನೋವು ತಾಗುತ್ತದೆ. ಸ್ಯಾಕೊ ಅವರದು ಬೇರೆ ದಾರಿ. ಅವರು ಕಥನದ ಪಟ್ಟಿಯನ್ನು ತುಂಡುಮಾಡಿ ಓರೆಯಾಗಿ ಚಿತ್ರದ ಮೇಲೆ ಚೆಲ್ಲುತ್ತಾರೆ. ಕಣ್ಣು ಆ ತುಂಡುಗಳನ್ನು ಹಿಡಿದು ಗುಂಪಿನೊಳಗೆ ನುಗ್ಗುತ್ತದೆ.

ಇನ್ನು ಕಾಗದ, ಶಾಯಿ. ಎ5 ಪುಸ್ತಕಕ್ಕೆ ಎ4 ಹಾಳೆಯಲ್ಲಿ ಬಿಡಿಸಿ ಶೇಕಡ 71ಕ್ಕೆ ಇಳಿಸುವುದು ಸುಲಭ, ಕೈನಡುಕ ಮುಚ್ಚಿಹೋಗುತ್ತದೆ. ಆದರೆ 0.3 ಮಿ.ಮೀ. ಗೆರೆ 0.2ಕ್ಕೆ ಇಳಿಯುವುದನ್ನು ನೆನಪಿಡಬೇಕು. ಅದಕ್ಕಿಂತ ಸಣ್ಣದು ಜೆರಾಕ್ಸ್‌ನಲ್ಲಿ ಅಲ್ಲಲ್ಲಿ ಕಡಿದುಹೋಗುತ್ತದೆ. ಸ್ಪೀಗಲ್‌ಮನ್ 'ಮೌಸ್' ಪುಟಗಳನ್ನು ಫೌಂಟನ್ ಪೆನ್ನಿನಲ್ಲಿ ಮುದ್ರಣದ ಅಳತೆಯಲ್ಲೇ ಬಿಡಿಸಿದರು, ಅದಕ್ಕೇ ಆ ಗೆರೆ ಕೈಬರಹದ ಟಿಪ್ಪಣಿಯಷ್ಟು ಹತ್ತಿರ ಅನ್ನಿಸುತ್ತದೆ. ಜೆರಾಕ್ಸ್‌ಗೆ ಹೋಗುವ ಪುಟದಲ್ಲಿ ಪೆನ್ಸಿಲಿನ ಬೂದುಬಣ್ಣ ಬೇಡ, ಕಲೆಯಾಗುತ್ತದೆ. ಸತ್ರಪಿಯಂತೆ ಅಚ್ಚ ಕಪ್ಪು, ಅಚ್ಚ ಬಿಳುಪು, ಇಲ್ಲವೇ ಗೆರೆಗಳ ಹೆಣಿಗೆ. ಮಲೆನಾಡಿನ ಈ ತಿಂಗಳುಗಳಲ್ಲಿ ಕಾಗದ ತೇವ ಕುಡಿದಿರುತ್ತದೆ, ಶಾಯಿ ನಾರಿನುದ್ದಕ್ಕೂ ಓಡಿ ಗೆರೆಯ ಅಂಚು ಒಡೆಯುತ್ತದೆ. 200 ಜಿಎಸ್ಎಂಗೆ ಕಡಿಮೆ ಇಲ್ಲದ ದಪ್ಪ, ನಯವಾದ ಹಾಳೆಯನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು, ಒಂದೊಂದೇ ಹೊರತೆಗೆಯಬೇಕು. ಶಾಯಿ ಒಣಗಿದಂತೆ ಕಂಡರೂ ಕೂಡಲೇ ರಬ್ಬರ್ ಹಾಕಬಾರದು, ಮರುದಿನದವರೆಗೆ ಬಿಡಬೇಕು.

ಸ್ಕ್ಯಾನ್ 600 ಡಿಪಿಐ, ಉಳಿಸುವುದು ಪಿಎನ್‌ಜಿ ಅಥವಾ ಟಿಫ್. ಜೆಪೆಗ್ ಆದರೆ ಕಪ್ಪು ಗೆರೆಯ ಸುತ್ತ ಧೂಳಿನಂಥ ಚುಕ್ಕೆ ಬರುತ್ತದೆ. 16 ಪುಟದ ಪುಸ್ತಿಕೆಗೆ ನಾಲ್ಕು ಎ4 ಹಾಳೆ ಸಾಕು. ಒಂದು ಮಗ್ಗುಲಿನಲ್ಲಿ ಜೊತೆಯಾಗಿ ಬರುವ ಎರಡು ಪುಟಸಂಖ್ಯೆ ಕೂಡಿದರೆ 17 ಆಗಬೇಕು: 16 ಮತ್ತು 1, 2 ಮತ್ತು 15. ಬೆಚ್ಚಿಬೀಳಿಸುವ ಚಿತ್ರ ಯಾವಾಗಲೂ ಸಮಸಂಖ್ಯೆಯ ಪುಟದಲ್ಲಿರಲಿ, ಪುಟ ತಿರುಗಿಸಿದಾಗಲೇ ಕಾಣುವುದು ಅದು. ಹೊರ ಅಂಚಿನಿಂದ 8 ಮಿ.ಮೀ. ಒಳಗೆ ಮಾತು ನಿಲ್ಲಿಸಿ, ಯಾಕೆಂದರೆ ಮಡಿಸಿದಾಗ ನಡುವಿನ ಹಾಳೆ ಹೊರಚಾಚುತ್ತದೆ, ಕತ್ತರಿಗೆ ಸಿಗುವುದು ಅದೇ. ಮಡಿಕೆಯ ಮೇಲೆ ಎರಡು ಪಿನ್ನು ಹೊಡೆಯಲು ಉದ್ದ ಕೈಯ ಸ್ಟೇಪ್ಲರ್ ಬೇಕು. ಅದಿಲ್ಲದವರು ದಬ್ಬಳದಲ್ಲಿ ಮೂರು ತೂತು ಮಾಡಿ ದಾರ ಹಾಕಿ ಒಳಗಡೆ ಗಂಟು ಬಿಗಿಯಬಹುದು. ಆಗಸ್ಟ್‌ನ ಕೂಟಕ್ಕೆ ಎಲ್ಲರೂ ತರಬೇಕಾದ್ದು ಚಿತ್ರವಿಲ್ಲದ, ಚೀಟಿಗಳನ್ನಷ್ಟೇ ಅಂಟಿಸಿದ 16 ಪುಟ.