ಘಾಟಿಯಲ್ಲಿ ಪಳಗಿದ ಕೈಗೆ ಟ್ರ್ಯಾಕಿನ ಮೊದಲ ಸೀಸನ್

ಚಿಕ್ಕಮಗಳೂರು ಕಡೆಯ ಹುಡುಗರಿಗೆ ಗಾಡಿ ಓಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜಲ್ಲಿ ಎದ್ದ ತೋಟದ ರಸ್ತೆ, ಮಂಜು ಮುಚ್ಚಿದ ಚಾರ್ಮಾಡಿ, ಮುಳ್ಳಯ್ಯನಗಿರಿಯ ಕಿರಿದಾದ ಏರು ಎಲ್ಲವೂ ಕೈಗೆ ಬಂದಿರುತ್ತವೆ. ರ‍್ಯಾಲಿಯಂತೂ ಊರ ಹಬ್ಬವೇ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ಕೂಡ ಇಲ್ಲಿನ ಕಾಫಿ ತೋಟಗಳಲ್ಲಿ ನಡೆದಿದೆ. ಆದರೆ ರ‍್ಯಾಲಿಯಲ್ಲಿ ಒಂದಾದ ಮೇಲೊಂದು ಗಾಡಿ ಬಿಡುತ್ತಾರೆ, ಪೈಪೋಟಿ ಗಡಿಯಾರದ ಜೊತೆ. ಟ್ರ್ಯಾಕಿನಲ್ಲಿ ಒಂದು ಅಡಿ ಆಚೆ ಇನ್ನೊಬ್ಬ ಇರುತ್ತಾನೆ, ಅವನಿಗೂ ಅದೇ ತಿರುವು ಬೇಕು. ಘಾಟಿಯಲ್ಲಿ ಪಳಗಿದವರು ಮೊದಲ ಸೀಸನ್ನಿನಲ್ಲಿ ಎಡವುವುದು ವೇಗದಲ್ಲಲ್ಲ. ಬ್ರೇಕು, ಕನ್ನಡಿ, ಪಕ್ಕದವನಿಗೆ ಬಿಡಬೇಕಾದ ಜಾಗ, ಈ ಮೂರರಲ್ಲಿ.

ಕಾಗದಪತ್ರದ ಕೆಲಸ ಬೇಗ ಮುಗಿಯುತ್ತದೆ. ರೇಸಿನ ಲೈಸೆನ್ಸ್ ಕೊಡುವುದು ದೇಶದ ಮೋಟಾರ್ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ. ಅವರು ಮಾನ್ಯ ಮಾಡಿದ ತರಬೇತಿ ಶಾಲೆಯ ಪ್ರಮಾಣಪತ್ರ, ವೈದ್ಯರ ಫಿಟ್ನೆಸ್ ಸರ್ಟಿಫಿಕೇಟು ಬೇಕು. ತರಬೇತಿಗೂ ರೇಸಿಗೂ ನಮಗೆ ಹತ್ತಿರದ ಜಾಗಗಳು ಎರಡು: ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿ 2003ರಲ್ಲಿ ಶುರುವಾದ, ರೇಸ್ ಕಾರು ಕಟ್ಟುತ್ತಿದ್ದ ಎಸ್. ಕರಿವರ್ಧನ್ ಅವರ ಹೆಸರಿನ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ. ಚೆನ್ನೈ ಹೊರಗಿನ ಇರುಂಗಾಟ್ಟುಕೋಟ್ಟೈಯ 3.7 ಕಿ.ಮೀ. ಸರ್ಕ್ಯೂಟು. ಕರಿಯಲ್ಲಿ ನೇರ ರಸ್ತೆ ಕಮ್ಮಿ, ಬ್ರೇಕಿಗೆ ಉಸಿರಾಡಲು ಪುರುಸೊತ್ತಿಲ್ಲ. ಚೆನ್ನೈಯಲ್ಲಿ ವೇಗ ಜಾಸ್ತಿ, ಸೆಕೆ ಅದಕ್ಕಿಂತ ಜಾಸ್ತಿ.

ಮೊದಲ ವರ್ಷ ಸ್ವಂತ ಗಾಡಿ ಕಟ್ಟಬೇಡಿ ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಎಲ್‌ಜಿಬಿ ಫಾರ್ಮುಲಾದಂಥ, 1300 ಸಿಸಿ ಸುಜುಕಿ ಎಂಜಿನ್ನಿನ ಒಂದೇ ಸೀಟಿನ ಗಾಡಿಗಳನ್ನು ತಂಡಗಳು ಬಾಡಿಗೆಗೆ ಕೊಡುತ್ತವೆ. ಮೆಕ್ಯಾನಿಕ್ಕು ಅವರದೇ, ತಲೆನೋವೂ ಅವರದೇ. ಒಂದೇ ಎಚ್ಚರ: ಇವುಗಳ ಚಕ್ರ ಬಯಲಲ್ಲಿರುತ್ತದೆ. ಮುಂದೆ ಓಡುವ ಗಾಡಿಯ ಟಯರಿನ ಹಿಂಬದಿ ಮೇಲಕ್ಕೆ ತಿರುಗುತ್ತಿರುತ್ತದೆ. ನಿಮ್ಮ ಮುಂದಿನ ಚಕ್ರ ಅದಕ್ಕೆ ತಾಗಿದರೆ ಅದು ನಿಮ್ಮನ್ನು ಎತ್ತಿ ಗಾಳಿಗೆ ಎಸೆಯುತ್ತದೆ. ಮುಚ್ಚಿದ ಕಾರಿನಲ್ಲಿ ಬಾಗಿಲು ಉಜ್ಜಿದರೆ ಬಣ್ಣ ಹೋಗುತ್ತದೆ ಅಷ್ಟೆ.

ಇಷ್ಟು ಹೇಳಿದರೂ ಮನೆಯ ಶೆಡ್ಡಿನಲ್ಲಿ ಹಳೇ ಹ್ಯಾಚ್‌ಬ್ಯಾಕು ಬಿಚ್ಚಿ ಕೂತವರು ಇದ್ದೇ ಇರುತ್ತಾರೆ. ಮುಂದಿನ ಮಾತು ಅವರಿಗೆ.

ಗಾಡಿ ಪಲ್ಟಿಯಾದರೆ ಒಳಗಿದ್ದವನನ್ನು ಕಾಯುವ ರೋಲ್ ಕೇಜಿಗೆ ಗೇಟು ಮಾಡುವ ಪೈಪು ತರಬೇಡಿ. ಬೇಕಾದ್ದು ಹೊಲಿಗೆಯಿಲ್ಲದ, ತಣ್ಣಗೆ ಎಳೆದ ಕಾರ್ಬನ್ ಸ್ಟೀಲ್ ಕೊಳವೆ. ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ಲೆಕ್ಕದಲ್ಲಿ ತಲೆಯ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಉಳಿದವಕ್ಕೆ 38 ಮಿ.ಮೀ., ಅದೇ ದಪ್ಪ. ಸೆಕೆಂಡ್‌ಹ್ಯಾಂಡ್ ಬೆಲ್ಟು ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವ ಮೊದಲು ಪಟ್ಟಿಯ ಮೇಲೆ ಹೊಲಿದ ಚೀಟಿ ನೋಡಿ. ಅಲ್ಲಿ ಯಾವ ವರ್ಷದವರೆಗೆ ನಡೆಯುತ್ತದೆ ಎಂದು ಅಚ್ಚಾಗಿರುತ್ತದೆ. ಅವಧಿ ಮೀರಿದ ಬೆಲ್ಟನ್ನು ರೇಸಿಗೆ ಮೊದಲು ಗಾಡಿ ಪರೀಕ್ಷಿಸುವ ಸ್ಕ್ರೂಟಿನಿಯವರು ಒಪ್ಪುವುದಿಲ್ಲ, ಒಪ್ಪಲೂಬಾರದು.

ಇನ್ನು ಎತ್ತರದ ವಿಷಯ. ಬಯಲುಸೀಮೆಯವರಿಗೆ ಇದು ತಲೆಗೇ ಬರುವುದಿಲ್ಲ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ, ಚೆನ್ನೈ ಟ್ರ್ಯಾಕು ಹೆಚ್ಚುಕಮ್ಮಿ ಸಮುದ್ರಮಟ್ಟದಲ್ಲೇ ಇದೆ. ನಮ್ಮಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 10ರಷ್ಟು ಕಮ್ಮಿ, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಕಮ್ಮಿ. ಊರಲ್ಲಿ ಟ್ಯೂನ್ ಮಾಡಿದ ಗಾಡಿ ಕೆಳಗೆ ಇಳಿದ ಮೇಲೆ ಜೋರಾಗಿ ಎಳೆಯುತ್ತದೆ. ಕಾರ್ಬುರೇಟರ್ ಗಾಡಿಯಾದರೆ ಖುಷಿಪಡುವ ಮೊದಲು ಜೆಟ್, ಅಂದರೆ ಒಳಗೆ ಪೆಟ್ರೋಲು ಹರಿಯುವ ಸಣ್ಣ ತೂತಿನ ತುಂಡು, ನೋಡಿ. ಇಲ್ಲಿನ ತೆಳುಗಾಳಿಗೆ ಹೊಂದಿಸಿದ ಸಣ್ಣ ಜೆಟ್ಟಿಗೆ ಅಲ್ಲಿ ಪೆಟ್ರೋಲು ಸಾಲದು. ಎಂಜಿನ್ ಕಟಕಟ ಬಡಿಯಲು ಶುರುಮಾಡಿ ಕೊನೆಗೆ ಪಿಸ್ಟನ್ ತಲೆ ಕರಗುತ್ತದೆ. ಒಂದೆರಡು ಸೈಜು ದೊಡ್ಡ ಜೆಟ್ ಜೇಬಲ್ಲಿರಲಿ.

ಟಯರಿನ ಗಾಳಿಯದ್ದು ಇನ್ನೂ ಮೋಜು. ಬೆಳಗಿನ 18 ಡಿಗ್ರಿಯಲ್ಲಿ ಮನೆಯಲ್ಲಿ 28 ಪಿಎಸ್‌ಐ ಹಾಕಿದಿರಿ ಅನ್ನಿ. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ ಜಾಸ್ತಿ ಇರುವುದರಿಂದ ಅದೇ 18 ಡಿಗ್ರಿಯಲ್ಲಿ ಮೀಟರು 26ರ ಆಸುಪಾಸು ತೋರಿಸಬೇಕು. ಆದರೆ ಅಲ್ಲಿ 34 ಡಿಗ್ರಿ ಇರುತ್ತದೆ. ಬಿಸಿಗೆ ಗಾಳಿ ಹಿಗ್ಗಿ ಮುಳ್ಳು ಮತ್ತೆ 28 ದಾಟುತ್ತದೆ. ನೋಡಿದವರಿಗೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಬಿಸಿಲಿಗೆ ಮುಖ ಮಾಡಿ ನಿಂತ ಎರಡು ಟಯರು ಇನ್ನೂ ಏರಿರುತ್ತವೆ, ಗಾಡಿ ಒಂದು ಕಡೆ ತಿರುಗಿದಷ್ಟು ಚೆನ್ನಾಗಿ ಇನ್ನೊಂದು ಕಡೆ ತಿರುಗುವುದಿಲ್ಲ. ಟ್ರ್ಯಾಕಿಗೆ ಹೋದ ಮೇಲೆ ನೆರಳಲ್ಲಿ, ಬೆಳಗ್ಗೆಯೇ, ಒಂದೇ ಮೀಟರಿನಲ್ಲಿ ಮೊದಲಿಂದ ಹಾಕಿ. ಐದಾರು ಸುತ್ತು ಹೊಡೆದು ಟ್ರ್ಯಾಕ್ ಪಕ್ಕದಲ್ಲಿ ಗಾಡಿ ನೋಡಿಕೊಳ್ಳುವ ಪಿಟ್ಟಿಗೆ ಬಂದ ಕೂಡಲೇ ಮತ್ತೆ ಅಳೆದು ಪುಸ್ತಕದಲ್ಲಿ ಬರೆಯಿರಿ. 6ರಿಂದ 8 ಪಿಎಸ್‌ಐ ಏರುವುದು ಸಾಮಾನ್ಯ. ಅದಕ್ಕಿಂತ ಏರಿದರೆ ತಣ್ಣಗಿರುವಾಗ ಹಾಕುವುದನ್ನು ಇಳಿಸಿ.

ಈಗ ಬ್ರೇಕು. ಚಾರ್ಮಾಡಿ ಇಳಿಯುವಾಗ ಮುಂದಿನ ಟ್ಯಾಕ್ಸಿಯಿಂದ ಬರುತ್ತದಲ್ಲ ಆ ಸುಟ್ಟ ವಾಸನೆ, ಟ್ರ್ಯಾಕಿನಲ್ಲಿ ಅದು ಮೂರನೇ ಸುತ್ತಿಗೇ ಬರುತ್ತದೆ. ಬ್ರೇಕು ಕೈಕೊಡುವುದು ಎರಡು ರೀತಿ, ಕಾಲಿಗೆ ವ್ಯತ್ಯಾಸ ಗೊತ್ತಾಗಬೇಕು. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡು ಕಾದಿದೆ. ಪ್ಯಾಡು ಬದಲಿಸಬೇಕು ಅಥವಾ ಗಾಳಿ ಹೋಗುವ ದಾರಿ ಮಾಡಬೇಕು. ಪೆಡಲ್ ಸ್ಪಂಜಿನ ಹಾಗೆ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿ ತುಂಬಿದೆ. ಕುದಿಯುವುದಕ್ಕೆ ಮಲೆನಾಡೇ ಅರ್ಧ ಕಾರಣ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ತಡೆಯಬೇಕು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಷಾಢದಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬಿಯನ್ನು ಶ್ರಾವಣದಲ್ಲಿ ರೇಸಿಗೆ ಹಾಕಬೇಡಿ. ತೋಟದ ಜೀಪಿಗೂ ಹಾಕಬೇಡಿ, ಅದೂ ಘಾಟಿ ಇಳಿಯುತ್ತದೆ.

ಪ್ರತಿ ರೇಸಿಗೆ ಮೊದಲು ಹಳೇ ಆಯಿಲ್ ತಳ್ಳಿ ಹೊಸದು ತುಂಬಬೇಕು. ಅರ್ಧ ಲೀಟರಿನ ಸೀಲು ಒಡೆಯದ ಡಬ್ಬಿ, ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್ಲಿಗೆ ಸರಿಹೊಂದುವ ಪಾನಾ, ಪಾರದರ್ಶಕ ಪೈಪು, ತಳದಲ್ಲಿ ಸ್ವಲ್ಪ ಆಯಿಲ್ ಇರುವ ಬಾಟಲಿ, ಮತ್ತೆ ಹೇಳಿದ ಮಾತು ಕೇಳುವ ಒಬ್ಬ ಮನುಷ್ಯ. ಪೈಪಿನ ತುದಿ ಬಾಟಲಿಯ ಆಯಿಲಿನೊಳಗೇ ಮುಳುಗಿರಲಿ. ಒಳಗಿದ್ದವನು ಪೆಡಲ್ ಒತ್ತಿ "ಒತ್ತಿದೆ" ಅನ್ನಬೇಕು, ಆಮೇಲೆ ನಿಪ್ಪಲ್ ಕಾಲು ಸುತ್ತು ಸಡಿಲಿಸಬೇಕು. ಗುಳ್ಳೆ, ಕಪ್ಪು ಆಯಿಲ್ ಬರುತ್ತದೆ. ನಿಪ್ಪಲ್ ಬಿಗಿ ಮಾಡಿ "ಬಿಡು" ಅಂದ ಮೇಲೆಯೇ ಅವನು ಕಾಲು ತೆಗೆಯಬೇಕು. ಈ ಕ್ರಮ ತಪ್ಪಿದರೆ ಹೊರಗೆ ಹೋದ ಗಾಳಿ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಗಾಡಿ ಹಳೇದಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಮೈ, ಸೀಲು ದಿನವೂ ಓಡಾಡದ ಕೊನೆಯ ಭಾಗದಲ್ಲಿ, ತುಕ್ಕು ಹಿಡಿದಿರುತ್ತದೆ, ಪೆಡಲ್ ನೆಲ ಮುಟ್ಟಿದರೆ ರಬ್ಬರ್ ಸೀಲು ಅಲ್ಲಿ ಹರಿಯುತ್ತದೆ. ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿ ಖಾಲಿಯಾಗಲು ಬಿಟ್ಟರೆ ಇಡೀ ಕೆಲಸ ಮತ್ತೆ ಮೊದಲಿಂದ. ಯಾವ ಚಕ್ರ ಮೊದಲು ಅನ್ನುವುದಕ್ಕೆ ಆ ಗಾಡಿಯ ಮ್ಯಾನುಯಲ್ ನೋಡಿ. ಮೂಲೆಯಿಂದ ಮೂಲೆಗೆ ಪೈಪು ಎಳೆದ ಗಾಡಿಗಳಲ್ಲಿ "ದೂರದ್ದು ಮೊದಲು" ಅನ್ನುವ ಗ್ಯಾರೇಜಿನ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ.

ಟ್ರ್ಯಾಕಿನಿಂದ ಬಂದು ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಲೋಹಕ್ಕೆ ಲೈನಿಂಗ್ ಅಂಟಿಕೊಳ್ಳುತ್ತದೆ. ಘಾಟಿಯಲ್ಲಿ ಮಾಡುವ ಹಾಗೆ ಟಯರಿಗೆ ಕಲ್ಲು ಕೊಟ್ಟರೆ ಸಾಕು. ಇನ್ನೊಂದು ಮಾತು, ತೋಟದವರಿಗೆ ಮಾತ್ರ: ರೇಡಿಯೇಟರ್ ತಣಿಸಲು ಬೋರ್ಡೋ ಹೊಡೆಯುವ ಪಂಪು ತರಬೇಡಿ. ಎಷ್ಟು ತೊಳೆದರೂ ಮೈಲುತುತ್ತದ ಅಂಶ ಉಳಿದಿರುತ್ತದೆ, ತಾಮ್ರ ಅಲ್ಯೂಮಿನಿಯಂ ತಿನ್ನುತ್ತದೆ.

ಎಂಜಿನ್ ಆಯಿಲ್ ಗರಿಷ್ಠ ಗೆರೆಗೆ ಇರಲಿ. ಉದ್ದ ತಿರುವಿನಲ್ಲಿ ಆಯಿಲೆಲ್ಲ ಸಂಪಿನ, ಅಂದರೆ ಎಂಜಿನ್ ತಳದ ತೊಟ್ಟಿಯ, ಒಂದು ಬದಿಗೆ ಹೋಗಿ ಪಂಪು ಗಾಳಿ ಎಳೆಯುತ್ತದೆ. ತಿರುವಿನ ನಡುವೆ ಕೆಂಪು ದೀಪ ಮಿಣುಕಿದರೆ ಸಂಪಿನೊಳಗೆ ಅಡ್ಡತಗಡು ಹಾಕಿಸುವ ಕಾಲ ಬಂತು ಅಂತಲೇ ಅರ್ಥ.

ಸೀಟಿನಲ್ಲಿ ಕೂತು ಬೆಲ್ಟು ಪೂರ್ತಿ ಬಿಗಿದ ಮೇಲೆಯೇ ಕನ್ನಡಿ ಸರಿಮಾಡಿ. ಬೆಲ್ಟು, ಹೆಲ್ಮೆಟ್ಟು, ಗುದ್ದಿದಾಗ ಕುತ್ತಿಗೆ ಕಾಯುವ ಹ್ಯಾನ್ಸ್ ಸಾಧನ ಸೇರಿದರೆ ತಲೆ ಹಿಂದಕ್ಕೆ ಹೊರಳುವುದಿಲ್ಲ. ಊರಲ್ಲಿ ಹಾರ್ನು ಹೇಳುವುದನ್ನೆಲ್ಲ ಇಲ್ಲಿ ಕನ್ನಡಿಯೇ ಹೇಳಬೇಕು. ಪ್ರತಿ ನೇರ ರಸ್ತೆಯಲ್ಲಿ ಒಮ್ಮೆ, ಬ್ರೇಕ್ ಒತ್ತುವ ಮೊದಲು ಒಮ್ಮೆ ನೋಡುವ ಅಭ್ಯಾಸವನ್ನು ಪ್ರಾಕ್ಟೀಸಿನಲ್ಲೇ ಮಾಡಿಕೊಳ್ಳಿ.

ಸ್ಟಾರ್ಟಿನಲ್ಲಿ ಕೆಂಪು ದೀಪಗಳು ಹತ್ತಿ ಆರುತ್ತವೆ, ಆರಿದಾಗ ಹೊರಡುವುದು. ಆರ್‌ಪಿಎಂ ತೀರಾ ಏರಿಸಿದರೆ ಟಯರು ಸುತ್ತಿ ಹೊಗೆ ಬರುತ್ತದೆ, ಗಾಡಿ ಅಲ್ಲೇ ಇರುತ್ತದೆ. ಮೊದಲ ತಿರುವಿನಲ್ಲಿ ಪ್ರಾಕ್ಟೀಸಿನ ಬ್ರೇಕ್ ಗುರುತು ಮರೆತುಬಿಡಿ. ಮುಂದಿನವರೆಲ್ಲ ಒತ್ತೊತ್ತಾಗಿ ಬೇಗ ಬ್ರೇಕ್ ಹಾಕುತ್ತಾರೆ, ಟಯರು ಇನ್ನೂ ಕಾದಿರುವುದಿಲ್ಲ. 120 ಕಿ.ಮೀ. ವೇಗದಲ್ಲಿ ಹತ್ತು ಮೀಟರ್ ಅಂದರೆ ಒಂದು ಸೆಕೆಂಡಿನ ಹತ್ತರಲ್ಲಿ ಮೂರು ಭಾಗ. ಅಷ್ಟು ಬೇಗ ಬ್ರೇಕ್ ಒತ್ತಿದ್ದಕ್ಕೆ ಯಾರೂ ರೇಸು ಸೋತಿಲ್ಲ.

ಪಕ್ಕಪಕ್ಕದಲ್ಲಿ ಹೋಗುವುದೇ ನಿಜವಾದ ವಿದ್ಯೆ. ಒಳಗಿನಿಂದ ನುಗ್ಗುವವರು ಒಂದು ಲೆಕ್ಕ ಇಟ್ಟುಕೊಳ್ಳಿ: ಮುಂದಿನವನು ಸ್ಟೀರಿಂಗ್ ತಿರುಗಿಸುವ ಹೊತ್ತಿಗೆ ನಿಮ್ಮ ಗಾಡಿಯ ಮೂಗು ಅವನ ಬಾಗಿಲ ಹತ್ತಿರ ಬಂದಿರಬೇಕು. ಬರೀ ಹಿಂದಿನ ಚಕ್ರದ ಪಕ್ಕ ಇದ್ದರೆ ಅವನಿಗೆ ನೀವು ಕಾಣುವುದೇ ಇಲ್ಲ. ಕಾಲು ತೆಗೆದು ಹಿಂದೆ ಸರಿಯಿರಿ. ಘಾಟಿಯಲ್ಲಿ ಬಸ್ಸನ್ನು ಹಿಂದೆ ಹಾಕುವಾಗ ಡ್ರೈವರು ಕೈ ಆಡಿಸಿ ದಾರಿ ಬಿಡುತ್ತಾನಲ್ಲ, ಆ ಸೌಜನ್ಯವನ್ನು ಇಲ್ಲಿ ಎಣಿಸಬೇಡಿ. ಒಳಗೆ ಸಿಕ್ಕ ಮೇಲೆ ತಿರುವಿನ ಕೊನೆಯಲ್ಲಿ ಗಾಡಿಯನ್ನು ಅಂಚಿನವರೆಗೆ ಬಿಡುವಂತಿಲ್ಲ. ಹೊರಗಿನವನು ಕನ್ನಡಿಯಿಂದ ಮರೆಯಾಗಿರುತ್ತಾನೆ, ಟ್ರ್ಯಾಕಿನಿಂದ ಮರೆಯಾಗಿರುವುದಿಲ್ಲ. ಒಂದು ಗಾಡಿಯಗಲ ಅವನದು.

ಹಿಂದಿನವನನ್ನು ತಡೆಯಲು ಒಂದು ಸಲ ಪಕ್ಕಕ್ಕೆ ಸರಿಯಬಹುದು, ಎಡಬಲ ಹಾವಿನ ಹಾಗೆ ಹೊರಳುವಂತಿಲ್ಲ. ಒಳಸಾಲು ಹಿಡಿದು ತಡೆದರೆ ತಿರುವು ಕಿರಿದಾಗಿ ಹೊರಬರುವ ವೇಗ ಸಾಯುತ್ತದೆ. ಜಾಣ ಎದುರಾಳಿ ಹೊರಗಿನಿಂದ ಅಗಲವಾಗಿ ಬಂದು, ತಡವಾಗಿ ತಿರುಗಿ, ನಿಮ್ಮ ಇನ್ನೊಂದು ಪಕ್ಕದಿಂದ ಹೋಗುತ್ತಾನೆ. ಹೊಸಬರು ಒಂದೇ ಸುತ್ತಿನಲ್ಲಿ ಮೂರು ಸಲ ತಡೆಯಲು ಹೋಗಿ ಇಬ್ಬರೂ ನಿಧಾನವಾಗುತ್ತಾರೆ, ಹಿಂದಿದ್ದ ಮೂರನೆಯವನು ಇಬ್ಬರನ್ನೂ ದಾಟುತ್ತಾನೆ. ಮುಂದಿನವನ ಗಾಳಿಯ ಮರೆಯಲ್ಲಿ ಓಡುವಾಗ ವೇಗ ಜಾಸ್ತಿ ಸಿಗುತ್ತದೆ, ಗಾಳಿಯ ತಡೆ ಇಲ್ಲದ್ದರಿಂದ ನಿಲ್ಲಲು ಬೇಕಾದ ದೂರವೂ ಜಾಸ್ತಿ. ಅಲ್ಲೇ ಅಂಟಿಕೊಂಡಿದ್ದರೆ ರೇಡಿಯೇಟರಿಗೂ ಗಾಳಿ ಸಿಗದು. ನೇರ ರಸ್ತೆಯಲ್ಲಿ ಅರ್ಧ ಗಾಡಿಯಷ್ಟು ಪಕ್ಕಕ್ಕೆ ಸರಿದು ಉಸಿರಾಡಿಸಿ.

ಬಾವುಟಗಳನ್ನು ಬಾಯಿಪಾಠ ಮಾಡಿಬಿಡಿ. ಹಳದಿ ಕಂಡರೆ ದಾಟುವಂತಿಲ್ಲ, ಎರಡು ಹಳದಿಗೆ ನಿಲ್ಲಲೂ ಸಿದ್ಧವಿರಬೇಕು, ನೀಲಿ ಅಂದರೆ ಹಿಂದೆ ವೇಗದವನಿದ್ದಾನೆ, ಹಳದಿ ಮೇಲೆ ಕೆಂಪು ಪಟ್ಟಿ ಅಂದರೆ ರಸ್ತೆ ಜಾರುತ್ತದೆ. ಕಪ್ಪು ಬಾವುಟದಲ್ಲಿ ಕಿತ್ತಳೆ ಚುಕ್ಕೆ ನಿಮ್ಮ ನಂಬರಿನ ಜೊತೆ ಕಂಡರೆ ನಿಮ್ಮ ಗಾಡಿಯಲ್ಲೇ ಏನೋ ಕಳಚಿದೆ, ಪಿಟ್ಟಿಗೆ ಬನ್ನಿ.

ರೇಸು ಮುಗಿದ ಮೇಲೆ ತೂಕ ಹಾಕುತ್ತಾರೆ. ಒಂದು ಲೀಟರ್ ಪೆಟ್ರೋಲು ಮುಕ್ಕಾಲು ಕೆ.ಜಿ. ತೂಗುತ್ತದೆ. ಕನಿಷ್ಠ ತೂಕದ ಅಂಚಿನಲ್ಲಿ ಗಾಡಿ ಕಟ್ಟಿದವರು ನಾಲ್ಕು ಲೀಟರ್ ಹೆಚ್ಚಿಗೆ ಹಾಕಿ. ಟ್ಯಾಂಕು ತಳ ಕಂಡರೆ ತಿರುವಿನಲ್ಲಿ ಪೆಟ್ರೋಲು ಪಕ್ಕಕ್ಕೆ ಹೋಗಿ ಎಂಜಿನ್ ಮುಗ್ಗರಿಸುವುದೂ ಉಂಟು.

ಕೊಯಮತ್ತೂರಿಗೆ ಹಾಸನ, ಮೈಸೂರು, ಚಾಮರಾಜನಗರ, ಸತ್ಯಮಂಗಲದ ದಾರಿ. ದಿಂಬಂ ಘಾಟಿಯ 27 ಹೇರ್‌ಪಿನ್ನಿನಲ್ಲಿ ಪಿಕಪ್ ಮೇಲೆ ಕಟ್ಟಿದ ಗಾಡಿ ಅಲುಗುತ್ತದೆ. ಕಟ್ಟುವ ಪಟ್ಟಿಯನ್ನು ಬಾಡಿಗಲ್ಲ, ಚಕ್ರಕ್ಕೆ ಬಿಗಿಯಿರಿ. ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಬೆಳಗ್ಗೆಯೇ ಹೊರಡಿ. ವರ್ಷದ ವೇಳಾಪಟ್ಟಿ ಬಂದ ಕೂಡಲೇ ಅದನ್ನು ಔಷಧಿ ಹೊಡೆಯುವ ದಿನ, ಹಣ್ಣು ಕೀಳುವ ದಿನಗಳ ಪಕ್ಕ ಇಟ್ಟು ನೋಡಿ. ಅರೇಬಿಕಾ ಹಣ್ಣಾದ ವಾರವೇ ರೇಸು ಬಿದ್ದರೆ ರೇಸಿನ ತೀರ್ಪುಗಾರರ ಹಾಗೆ ಮನೆಯವರು ನಡೆಸುವ ಸ್ಟುವರ್ಡ್ಸ್ ವಿಚಾರಣೆಗೆ ಅಪೀಲಿಲ್ಲ.

ಸೀಸನ್ ಮುಗಿದು ಗಾಡಿ ಶೆಡ್ಡಿಗೆ ಹೋಗುವಾಗ ಕ್ಲಚ್ ಪೆಡಲ್ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಕೋಲು ಕೊಟ್ಟು ನಿಲ್ಲಿಸಿ. ಹಾಗೇ ಬಿಟ್ಟರೆ ಮುಂದಿನ ಮಳೆಗಾಲದ ತೇವಕ್ಕೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಳ್ಳುತ್ತದೆ. ಸೂಟು, ಬಾಲಕ್ಲಾವ ಒಗೆದು ಪೂರ್ತಿ ಒಣಗಿಸಿಡಿ, ಇಲ್ಲದಿದ್ದರೆ ಬೂಸು ಹಿಡಿಯುತ್ತದೆ. ಹೆಲ್ಮೆಟ್ಟನ್ನು ಮಾತ್ರ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಡಬೇಡಿ: ಒಳಗಿನ ಥರ್ಮೋಕೋಲು ಬಿಸಿಗೆ ಕುಗ್ಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.