ರಗ್ಬಿಯ ಹಳೇ ಚರ್ಚ್‌ಗೆ ಹೋಗೋದಾದರೆ ಭಾನುವಾರ ಹೋಗಿ

ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ ರಗ್ಬಿ ಅಂತ ಒಂದು ಪುಟ್ಟ ಊರಿದೆ. ಅಲ್ಲಿಗೆ ನ್ಯಾಶ್‌ವಿಲ್ ಕಡೆಯಿಂದ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಜೇಮ್ಸ್‌ಟೌನ್ ದಾಟಿ ಹೆದ್ದಾರಿ 52ರಲ್ಲಿ ಪೂರ್ವಕ್ಕೆ ಸಾಗುವಾಗ ಟೈಮ್ ಝೋನ್ ಬದಲಾಗಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಪ್ರಾರ್ಥನೆಯ ಹೊತ್ತಿಗೆ ಸೇರಬೇಕೆಂದರೆ ಆ ಗಂಟೆ ಲೆಕ್ಕ ಹಿಡಿದೇ ಹೊರಡಿ.

ಹತ್ತಿರದ ಪಟ್ಟಣದಲ್ಲಿ ಉಳಿಯಬೇಡಿ. ಎಲೆ ಕೆಂಪಾಗುವ ಸೀಸನ್ ಅಂತ ಒಂದು ಮೋಟೆಲಿನವರು ನಮ್ಮಿಂದ ದುಪ್ಪಟ್ಟು ಕಿತ್ತರು. ಆನ್‌ಲೈನ್ ರೇಟು ಬೇರೆ, ಕೌಂಟರಿನಲ್ಲಿ ಬೇರೆ. ಹೀಟರ್ ರಾತ್ರಿಯಿಡೀ ಗೊರಗುಟ್ಟಿತು, ರೂಮು ಮಾತ್ರ ಬೆಚ್ಚಗಾಗಲಿಲ್ಲ. ಅಷ್ಟು ದುಡ್ಡಿಗೆ ನಾಕ್ಸ್‌ವಿಲ್‌ನಲ್ಲಿದ್ದು ಬೆಳಿಗ್ಗೆ ಬರೋದೇ ವಾಸಿ.

ಈ ಊರಿನ ಕಥೆ ಶುರುವಾಗೋದು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿ ಆಗ ಮನೆತನದ ಆಸ್ತಿ ಹಿರಿಮಗನಿಗೆ. ಕಿರಿಯರಿಗೆ ಓದು ಇತ್ತು, ನೆಲ ಇರಲಿಲ್ಲ. ಮೈಬಗ್ಗಿಸಿ ದುಡಿದರೆ ಮರ್ಯಾದೆ ಹೋಗುತ್ತೆ ಅನ್ನೋ ಭಯ ಬೇರೆ. ಅಂಥವರಿಗಾಗಿ ಲೇಖಕ ಥಾಮಸ್ ಹ್ಯೂಸ್ 1880ರಲ್ಲಿ ಈ ಕಾಡಿನಲ್ಲಿ ಊರು ಕಟ್ಟಿಸಿದರು. ಇಂಗ್ಲೆಂಡ್ ಚರ್ಚಿನ ಅಮೆರಿಕದ ಕವಲಾದ ಎಪಿಸ್ಕೋಪಲ್ ಚರ್ಚ್ ಶುರುವಿನಿಂದಲೇ ಜೊತೆಗಿತ್ತು. ಊರಿನ ಉದ್ಘಾಟನೆಗೆ ಆ ಚರ್ಚಿನ ಬಿಷಪ್ ಕ್ವಿಂಟಾರ್ಡ್ ಬಂದಿದ್ದರು. ಆದರೆ ಚರ್ಚಿಗೆ ಕಟ್ಟಡ? ಏಳು ವರ್ಷ ಶಾಲೆಯಲ್ಲೇ ಪ್ರಾರ್ಥನೆ. ಅಷ್ಟರಲ್ಲಿ 1881ರ ಟೈಫಾಯ್ಡ್ ಏಳು ಜನರನ್ನು ಬಲಿ ತೆಗೆದುಕೊಂಡಿತು. 1884ರಲ್ಲಿ ಊರಿನ ದೊಡ್ಡ ಹೋಟೆಲ್ ಸುಟ್ಟುಹೋಯಿತು. ನಾನು ಹೇಳುತ್ತಿರುವ ಈ ಚರ್ಚ್, ಅಂದರೆ ಕ್ರೈಸ್ಟ್ ಚರ್ಚ್, ಎದ್ದದ್ದು 1887ರಲ್ಲಿ. ಹ್ಯೂಸ್ ಕೊನೆಯ ಸಲ ಇಲ್ಲಿಗೆ ಬಂದಿದ್ದೂ ಅದೇ ವರ್ಷ. ಊರು ಸೋಲುತ್ತಿದ್ದಾಗ ಚರ್ಚ್ ಕಟ್ಟಿದ್ದಾರೆ, ವಿಚಿತ್ರ ಅಲ್ವಾ?

ಪೂರ್ತಿ ಅಲ್ಲಿನದೇ ಮರ, ಕಲ್ಲಿನ ಚರ್ಚುಗಳ ಗತ್ತನ್ನೆಲ್ಲ ಹಲಗೆಯಲ್ಲೇ ತಂದಿದ್ದಾರೆ. ಒಳಗೆ 1849ರಲ್ಲಿ ಲಂಡನ್‌ನಲ್ಲಿ ಮಾಡಿದ ಬೀಟೆ ಮರದ ಆರ್ಗನ್ ಇದೆ. ನಮ್ಮ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಥರ ಕಾಲಲ್ಲಿ ತುಳಿದು ಗಾಳಿ ತುಂಬಬೇಕು. ಬೇರೆ ದಿನ ಹೋದರೆ ಅದು ಸುಮ್ನೆ ಪೀಠೋಪಕರಣ. ಭಾನುವಾರ ಅದರ ಸ್ವರ ಕೇಳಿ. ಜನ ಕಡಿಮೆ, ನನಗೆ ಅದೇ ಇಷ್ಟ. ಗಲಾಟೆ ಬೇಕಿದ್ದವರಿಗೆ ಪ್ರವಾಸಿಗರ ಊರು ಗ್ಯಾಟ್ಲಿನ್‌ಬರ್ಗ್ ಇದ್ದೇ ಇದೆ.

ಊಟಕ್ಕೆ ಆರ್.ಎಂ. ಬ್ರೂಕ್ಸ್ ಅಂಗಡಿ. ನಾವು ಶನಿವಾರ ಹೋಗಿದ್ದೆವು. ಹಳೇ ದಿನಸಿ ಅಂಗಡಿ, ಕಪಾಟಿನ ತುಂಬ ಹಳೇ ಡಬ್ಬಿಗಳು. ಚಕ್ರದಂಥ ಚೀಸ್‌ನಿಂದ ದಪ್ಪ ಹೋಳು ಕೊಯ್ದು ಬ್ರೆಡ್ಡಿನ ನಡುವೆ ಇಟ್ಟುಕೊಟ್ಟರು. ಟೊಮೆಟೊ, ಈರುಳ್ಳಿ, ಅಷ್ಟೇ. ಒಂದು ತಿಂದು ಇನ್ನೊಂದು ಹೇಳಿದೆ. ಎರಡಕ್ಕೂ ಸೇರಿ ನಗರದ ಒಂದು ಕಾಫಿಯ ದುಡ್ಡಿಗಿಂತ ಸ್ವಲ್ಪ ಜಾಸ್ತಿ. ಸಸ್ಯಾಹಾರಿಗಳು ಬೊಲೋನಿ (ಮಾಂಸದ ಸಾಸೇಜ್ ಹೋಳು) ಬೇಡ ಅಂತ ಮೊದಲೇ ಹೇಳಿಬಿಡಿ. ಅಲ್ಲಿ ಎಲ್ಲರೂ ಕೇಳೋದು ಅದನ್ನೇ.